ಒಂಬತ್ತು, ಹತ್ತನೆಯ ಪುಟ

ಬೈತಖೋಲದ ಶಾಲೆಯ ಕಪಾಟಿನಲ್ಲಿ
ಒಂದು ಆನೆಯ ಪುಸ್ತಕ.
ಹದಿನಾರು ಪುಟ. ಅಕ್ಷರ ಕಮ್ಮಿ, ಬಣ್ಣ ಬಹಳ.
ಎಂಟನೆಯ ಪುಟದಲ್ಲಿ ಆನೆ ಈಚೆ ದಡದಲ್ಲಿ ನಿಂತಿದೆ,
ಸೊಂಡಿಲು ನೀರಿಗೆ ತಾಗಿಯೂ ತಾಗದ ಹಾಗೆ.
ಹನ್ನೊಂದರಲ್ಲಿ ಆಚೆ ದಡ,
ಮರಿಯ ನೆತ್ತಿ ಮೂಸುತ್ತಿದೆ.
ನಡುವಿನ ಹಾಳೆ ಇಲ್ಲ.

ಯಾರು ಹರಿದರೋ, ಯಾವ ವರ್ಷವೋ.
ದೋಣಿಯಾಗಿ ಹೋಗಿರಬೇಕು ಎಂದರು ಹೆಡ್ ಮೇಡಂ
ಹಾಜರಿ ಪುಸ್ತಕದಿಂದ ತಲೆ ಎತ್ತದೆ.

ನಾನು ಅಣ್ಣಿಗೇರಿಯವಳು.
ಹೊಳೆ ಎಂದರೆ ಬಸ್ಸಿನ ಕಿಟಕಿಯಲ್ಲಿ ಕಂಡದ್ದು.
ಮೊದಲ ವಾರ ಪುಸ್ತಕ ಎತ್ತಿ ಹಿಡಿದು
ಇದೇನು ಹೇಳಿ ಎಂದೆ.
ಇಪ್ಪತ್ತೆರಡು ಬಾಯಿ ಒಟ್ಟಿಗೇ ಕೂಗಿದವು:
ಹತ್ತಿ!

ಹತ್ತಿ.
ಎರೆಹೊಲ ಬಿರುಕು ಬಿಟ್ಟ ಸಪ್ಪಳ,
ಅವ್ವನ ಉಡಿ ತುಂಬ ಒಡೆದ ಕಾಯಿ,
ಚಕ್ಕಡಿಯ ಮೇಲೆ ಅಂಡಿಗೆ, ಅಂಡಿಗೆಯ ಮೇಲೆ ನಾನು,
ಮೂಗಿನೊಳಗೆ ಎಳೆ ಹೊಕ್ಕು ಸೀನುತ್ತ.
ಅಲ್ಲ ಟೀಚರ್, ಕೊಂಕಣಿಯಲ್ಲಿ ಆನೆಗೆ ಹಾಗಂತೇವೆ
ಎಂದು ಪ್ರಾಚಿ ತಾಂಡೇಲ ತಿದ್ದುವಷ್ಟರಲ್ಲಿ
ಊರಿಗೆ ಹೋಗಿ ಬಂದಾಗಿತ್ತು ನಾನು.

ನಡುವೆ ಏನಾಯಿತು? ಚಿತ್ರ ಬರೆಯಿರಿ ಎಂದು
ಹಾಳೆ ಹಂಚಿದೆ.
ಸುಜಯನ ಆನೆ ಟ್ರಾಲರ್ ಹತ್ತಿತು,
ಡೀಸೆಲ್ಲಿನ ದುಡ್ಡು ತಾನೇ ಕೊಟ್ಟು.
ಮಿಥಿಲಾಳ ಆನೆಗೆ ಭರತ ಇಳಿತ ಎಲ್ಲ ಗೊತ್ತು;
ನೀರು ಇಳಿಯುವ ತನಕ ಕುಕ್ಕರಗಾಲಲ್ಲಿ ಕೂತು
ಬಳಚು ಹೆಕ್ಕಿ ಬುಟ್ಟಿ ತುಂಬಿಸಿತು,
ಆಮೇಲೆ ನಡೆದೇ ಹೋಯಿತು.
ಎಲ್ರೊಯ್‌ನ ಆನೆ ಮುಳುಗಿತು.
ಅಡಿಯಲ್ಲಿ ಬರೆದಿದ್ದ: ಸ್ವಲ್ಪ ಹೊತ್ತು ಮಾತ್ರ.
ಪ್ರಾಚಿ ಆನೆಯನ್ನೇ ಬರೆಯಲಿಲ್ಲ.
ಬರೀ ನೀರು, ನೀರಿನ ಮೇಲೆ
ಬಿಳಿ ಬಿಳಿ ಉಂಡೆಗಳು ತೇಲುತ್ತ.
ನೊರೆಯಾ ಎಂದೆ.
ನಿಮ್ಮ ಹತ್ತಿ, ಎಂದಳು.

ಖೇಮು ಮಾಮ ಬಂದರಿನಲ್ಲಿ ಬಲೆ ಹೆಣೆಯುವವ.
ಓದು ಬಾರದು. ಪುಸ್ತಕವನ್ನು ಮೀನಿನ ಹಾಗೆ
ಕಿವಿ ಅಗಲಿಸಿ ನೋಡಿದ,
ಇಷ್ಟು ದಿನ ಯಾಕೆ ತರಲಿಲ್ಲ ಎಂದು ಬೈದ.
ಒಂದು ಕಣ್ಣು ಹರಿದದ್ದಕ್ಕೆ
ಯಾರಾದರೂ ಬಲೆ ಬಿಸಾಡುತ್ತಾರಾ?
ಇಪ್ಪತ್ತೆರಡೂ ಹಾಳೆ ನಡುವೆ ಇಟ್ಟು
ನೀಲಿ ನೈಲಾನ್ ದಾರದಲ್ಲಿ ಹೊಲಿದು ಕೊಟ್ಟ.
ಈಗ ಐವತ್ತೆಂಟು ಪುಟ.
ಮುಚ್ಚಿದರೂ ಮುಚ್ಚುವುದಿಲ್ಲ.

ದೀಪಾವಳಿ ರಜೆ ಕಳೆದು ಧಾರವಾಡದಿಂದ ಪಾರ್ಸಲ್ಲು,
ಅದೇ ಪುಸ್ತಕ, ಹೊಸದು. ನಾನೇ ಬರೆದು ತರಿಸಿದ್ದು.
ಒಂಬತ್ತು, ಹತ್ತನೆಯ ಪುಟ ಬಿಡಿಸಿದೆ.
ಸೇತುವೆ.
ಎರಡೂ ಪುಟಕ್ಕೆ ಚಾಚಿ ಒಂದು ಸೇತುವೆ,
ಮೇಲೆ ಆನೆ ನಡೆದು ಹೋಗುತ್ತಿದೆ. ಅಷ್ಟೇ.
ಚಿತ್ರ ಚೆನ್ನಾಗಿಯೇ ಇದೆ,
ನೀರಿನಲ್ಲಿ ನೆರಳನ್ನೂ ಬರೆದಿದ್ದಾರೆ ಪುಣ್ಯಾತ್ಮರು.

ಯಾರೂ ಮಾತಾಡಲಿಲ್ಲ.
ಸುಜಯ ಎದ್ದು ಬಂದ.
ಕಾಳಿಯ ಹಳೇ ಸೇತುವೆ ಮುರಿದ ರಾತ್ರಿ
ಕತ್ತಲಲ್ಲಿ ದೋಣಿ ತಳ್ಳಿಕೊಂಡು ಹೋದವನ ಮಗ.
ಬೆರಳಿಟ್ಟು ಕಂಬ ಎಣಿಸಿದ,
ಎರಡು ಸಲ.
ಟೀಚರ್, ಇದು ಹಳೇದಾ, ಹೊಸದಾ?

ಪುಸ್ತಕ ತಿರುವಿ ಹಿಂದಿನ ರಟ್ಟು ನೋಡಿದೆ.
ಬೆಲೆ ಇತ್ತು, ಅಚ್ಚಾದ ವರ್ಷ ಇತ್ತು.

ಹೊಸ ಪ್ರತಿ ಕಪಾಟಿನಲ್ಲೇ ಇದೆ, ಕೇಳಿದವರಿಗೆ ಕೊಡುತ್ತೇನೆ.
ಶನಿವಾರ ಜಗಳ ಮಾತ್ರ ನೀಲಿ ದಾರದ್ದಕ್ಕೆ,
ಯಾರ ಮನೆಗೆ ಈ ಸಲ ಎಂದು.
ಮೊನ್ನೆ ಎಲ್ರೊಯ್‌ನ ಸರದಿ.
ಒದ್ದೆ ಮಾಡಿಕೊಂಡು ಬರಬೇಡ ಎಂದೆ.
ಪಾಟಿಚೀಲಕ್ಕೆ ತುರುಕುತ್ತ ಹೇಳಿದ:
ಅದು ಒದ್ದೆಯಾಗೇ ಇದೆ, ಟೀಚರ್.