ಒದ್ದೆಯ ಗುರುತು

ತಿಂಗಳ ಕೊನೆಯ ಬುಧವಾರ, ಬೆಳಗಿನ ಆರಕ್ಕೆ,
ತ್ರೀ ಫೇಸ್ ಕರೆಂಟು ಬರುವ ಮುಂಚೆ,
ಊರ ಮೋಟರುಗಳೆಲ್ಲ ಇನ್ನೂ ಬಾಯಿ ಮುಚ್ಚಿರುವಾಗ
ಶಾಲೆಯ ಹಿಂದಿನ ಕೊಳವೆಯ ಬೀಗ ತೆಗೆಯುತ್ತೇನೆ.
ಇದಕ್ಕೆ ಮೋಟರಿಲ್ಲ. ಇದರ ನೀರು ಯಾರೂ ಕುಡಿದಿಲ್ಲ.
ಅಳೆಯಲೆಂದೇ ಸರ್ಕಾರ ಕೊರೆಸಿದ ಬಾವಿ,
ಪಂಕ್ತಿಯಲ್ಲಿ ಕೂತೂ ಉಣ್ಣದ ನೆಂಟನ ಹಾಗೆ.

ಉಕ್ಕಿನ ಟೇಪಿನ ತುದಿಗೆ ಸೀಮೆಸುಣ್ಣ ಉಜ್ಜಬೇಕು.
ಸುಣ್ಣ ರುದ್ರಮುನಿ ಮೇಷ್ಟ್ರದು, ಟೇಪು ಇಲಾಖೆಯದು,
ಬೆರಳು ಮಾತ್ರ ನನ್ನದು.
ಇಳಿಸಿ, ಇಳಿಸಿ, ಮೇಲೆಳೆದಾಗ
ಬಿಳಿ ಎಲ್ಲಿ ಕಪ್ಪಾಗಿದೆಯೋ ಅಲ್ಲಿ ನೀರು.
ಅಷ್ಟೇ ವಿದ್ಯೆ.

ನಾನು ಬಿಸಿಯೂಟದ ಓಬಕ್ಕ. ಅನ್ನಕ್ಕೆ ನೀರು
ಬೆರಳ ಗೆಣ್ಣಿನಲ್ಲಿ ಅಳೆದವಳು.
ಮೊದಲ ಸಲ ಬರೆದದ್ದು ಹದಿನೆಂಟು ಮೀಟರು.
ಮಗಳು ಮೈನೆರೆದ ವರ್ಷ ಇಪ್ಪತ್ತೇಳು.
ಹೆದ್ದಾರಿಯ ಬದಿಗೆ ನೀರಿನ ಬಾಟಲಿ ಕಾರ್ಖಾನೆ ಎದ್ದಾಗ ಮೂವತ್ತೈದು.
ಹೋದ ತಿಂಗಳು ನಲವತ್ತಾರು ಚಿಲ್ಲರೆ.
ಚಿಲ್ಲರೆಯನ್ನೂ ಬಿಡದೆ ಬರೆಯಬೇಕು, ಸಾಹೇಬರ ಕಟ್ಟಪ್ಪಣೆ.

ಬರೆದದ್ದು ದುರ್ಗಕ್ಕೆ ಹೋಗುತ್ತದೆ, ದುರ್ಗದಿಂದ ಬೆಂಗಳೂರಿಗೆ,
ಅಲ್ಲಿಂದ ದಿಲ್ಲಿಗೆ.
ಹೋಗುವಾಗ ಅಂಕಿ,
ಬರುವಾಗ ಬಣ್ಣ.
ಪಂಚಾಯ್ತಿ ಗೋಡೆಗೆ ಅಂಟಿಸಿದ ನಕಾಶೆಯಲ್ಲಿ
ನಮ್ಮ ಚಳ್ಳಕೆರೆ ತಾಲೂಕು ಒಣಮೆಣಸಿನಕಾಯಿ ಕೆಂಪು.
ಕೆಳಗೆ ಸಣ್ಣಕ್ಷರ: ಹೊಸ ಕೊಳವೆಗೆ ಅನುಮತಿ ಬೇಕು,
ಅನುಮತಿ ಇಲ್ಲದ ಕೊಳವೆಗೆ ಕರೆಂಟಿಲ್ಲ,
ಹಳೆಯದಕ್ಕೆ ಮೀಟರು, ಬೆಳೆಯ ಹೆಸರು, ಗುಂಟೆ ಲೆಕ್ಕ.

ಆ ಸಂಜೆ ಕಾಟಯ್ಯ ಬಂದ. ಕೈಯಲ್ಲೊಂದು ಪುಟ್ಟಿ ಈರುಳ್ಳಿ,
ಲಂಚವೋ ಪ್ರೀತಿಯೋ ಅವನಿಗೂ ಗೊತ್ತಿರಲಿಲ್ಲ.
"ಓಬಕ್ಕ, ಈ ಸಲ ಎಂಟು ಮೀಟ್ರು ಮ್ಯಾಲೆ ಬರ್ದ್‌ಬಿಡು.
ಅವ್ರೇನು ಬಂದು ಇಣುಕ್ತಾರಾ?
ನಿನ್ ಪೆನ್ನು ಎತ್ತಿದ್ರೆ ನನ್ ಹೊಲ್ದಾಗೆ ಬೋರಿನ ಲಾರಿ ನಿಲ್ತದೆ."
ಅವನು ಹೇಳಿದ್ದು ಸುಳ್ಳಲ್ಲ. ಪೆನ್ನು ಸೌಟಿಗಿಂತ ಹಗುರ.
ಕೆಂಪು ತೊಳೆದು ಹಳದಿ ಆದೀತು.
ಆಗ ಬಾಟಲಿಯವರಿಗೂ ಇನ್ನೆರಡು ಕೊಳವೆ ಸಿಕ್ಕೀತು.
ಇದನ್ನು ಬಾಯಿಬಿಟ್ಟು ಹೇಳಲಿಲ್ಲ,
ಈರುಳ್ಳಿ ಹೆಚ್ಚುತ್ತಾ ನೆನೆದೆ.

ಅಂದೆ: ಬುಧವಾರ ಬಾ. ನೀನೇ ಇಳಿಸು.

ಬಂದ. ಕೊಡ ಇಳಿಸಿ ಪಳಗಿದ ಕೈ.
ಹದಿನೈದಕ್ಕೆ, "ನಮ್ಮಜ್ಜನ ಸೇದೋ ಬಾವಿ ಇಲ್ಲಿಗೇ ಸಿಕ್ತಿತ್ತು" ಎಂದ.
ಮೂವತ್ತಕ್ಕೆ, "ಟೇಪು ಎಲ್ಲೋ ಸಿಕ್ಕಾಕ್ಕೊಂಡೈತೆ" ಎಂದ.
ನಲವತ್ತಕ್ಕೆ ಸುಮ್ಮನಾದ.
ನಲವತ್ತೇಳು ದಾಟಿದಾಗ ಕೆಳಗೊಂದು ಸದ್ದು,
ಬೆಕ್ಕು ಹಾಲು ನೆಕ್ಕಿದಷ್ಟು.
ಮೇಲೆ ಬಂದ ಒದ್ದೆ ಸುಣ್ಣವನ್ನು ಹೆಬ್ಬೆರಳಿಂದ ಒರೆಸಿಬಿಟ್ಟ.
ಓದುವ ಮೊದಲು ಒರೆಸಬಾರದು.
ಮತ್ತೆ ಉಜ್ಜಿ ಮತ್ತೆ ಇಳಿಸಿದೆವು.
ಎರಡನೇ ಸಲವೂ ಅಷ್ಟೇ.

ಸಿಟ್ಟು ಇಳಿಯಲಿಲ್ಲ ಅವನಿಗೆ.
"ನೀರು ಇಲ್ಲೈತೆ ಅಂತ ದಿಲ್ಲಿಗೆ ಗೊತ್ತಾತು, ಸರಿ.
ನನ್ ನಾಕು ಎಕ್ರೆಗೆ ಇರೋ ರೂಲ್ಸು ಬಾಟ್ಲಿಗೂ ಐತಾ?
ಈರುಳ್ಳಿ ಬಿಟ್ಟು ಸಜ್ಜೆ ಬಿತ್ತು ಅಂತಾರೆ.
ಸಜ್ಜೆ ಕೊಳ್ಳೋರ್ ಯಾರು? ಅದಕ್ಕೊಂದು ಕಾಲಂ ಐತಾ ನಿನ್ ಪುಸ್ತಕದಾಗೆ?"

ನನ್ನ ಪುಸ್ತಕದಲ್ಲಿ ಕಾಲಂ ಐದು:
ದಿನಾಂಕ, ವೇಳೆ, ಆಳ, ಸಹಿ, ಷರಾ.
ಷರಾ ಹನ್ನೊಂದು ವರ್ಷದಿಂದ ಖಾಲಿ.

ಆಳದ ಮನೆಯಲ್ಲಿ ಬರೆದೆ, ನಲವತ್ತೇಳು ಪಾಯಿಂಟ್ ಎರಡು.
ಷರಾದಲ್ಲಿ ಅವನು ಹೇಳುತ್ತಾ ಹೋದ, ನಾನು ಒತ್ತೊತ್ತಾಗಿ:
ಇಳಿಸಿದವನು ರೈತ. ಕಾರ್ಖಾನೆಯ ಬಾವಿಗೂ ಟೇಪು ಬಿಡಿ.
ಸಜ್ಜೆಗೆ ರೇಟು ಬರೆದು ಕಳಿಸಿ.
ಸಾಲು ಮನೆ ದಾಟಿ ಮುಂದಿನ ತಿಂಗಳ ಜಾಗಕ್ಕೂ ಹರಿಯಿತು.
ಸಾಹೇಬರು ಬೈದಾರು. ಬೈಯಲು ಓದಬೇಕಲ್ಲ.

ಆರೂವರೆಗೆ ಕರೆಂಟು ಬಂತು.
ಮೋಟರುಗಳು ಒಂದರ ಹಿಂದೊಂದು ಕೆಮ್ಮಿ ಎದ್ದವು,
ಕಾಟಯ್ಯನದೂ.
ನಾನು ಒಲೆಯ ಕಡೆ ನಡೆದೆ.
ಕೊಳವೆಗೆ ಬೀಗ ಹಾಕಿದವನು ಅವನು.
ಕೀಲಿ ಇನ್ನೂ ಅವನ ಹತ್ತಿರವೇ ಇದೆ.