ಮೂರನೇ ಸಿಲಿಂಡರಿನ ಹೊಲಿಗೆ

ಮುನ್ನೂರ ನಲವತ್ತು ಯೂನಿಫಾರ್ಮಿನ ಬಾಕಿ.
ಎರಡು ವರ್ಷ ಅಲೆಸಿ ಅಲೆಸಿ, ಕೊನೆಗೆ
ಶಾಲೆ ಮುಚ್ಚಿದ ಪದ್ಮನಾಭಯ್ಯನವರು
ನನ್ನ ಕೈಗಿಟ್ಟದ್ದು ಒಂದು ಕೀಲಿಕೈ:
‘ದುಡ್ಡಂತೂ ಇಲ್ಲಮ್ಮ. ಮಗ ರೇಸಿನ ಹುಚ್ಚಿಗೆ ತಂದ ಕಾರಿದೆ.
ತಗೊಂಡು ಹೋಗಿಬಿಡಿ.’

ತಗೊಂಡು ಹೋಗುವುದು ಹೇಗೆ?
ಗಿರಿನಗರದ ಹೊಂಗೆಮರದ ಕೆಳಗೆ
ನಾಲ್ಕೂ ಟೈರು ನೆಲಕ್ಕಂಟಿಸಿ
ಎಂಟು ವರ್ಷದಿಂದ ಕೂತಿತ್ತು ಹಳದಿ ಪಾಲಿಯೋ.
ಬೆನ್ನ ಮೇಲೊಂದು ಪದರ ಹೂವು, ಒಂದು ಪದರ ಧೂಳು,
ಮತ್ತೆ ಹೂವು, ಮತ್ತೆ ಧೂಳು.
ಹಿಂಗಾಜಿನ ಮೇಲೆ ಯಾರದೋ ಪುಟ್ಟ ಬೆರಳು
ಏಳರ ಮಗ್ಗಿ ಬರೆದು
ಏಳೆಂಟಲ ಹತ್ತಿರ ಬಂದು ಕೈಬಿಟ್ಟಿತ್ತು.

‘ಒಂದು ಪಾಯಿಂಟ್ ಆರು ಇಂಜಿನ್ನು, ಅಕ್ಕಾ,’
ಬಾನೆಟ್ಟಿನೊಳಗೆ ಸೊಂಟದವರೆಗೆ ಮುಳುಗಿದ್ದ ಜಯಸೀಲನ್
ಒಳಗಿಂದಲೇ ಕೂಗಿದ,
‘ಇಷ್ಟೇ ಇಷ್ಟು ಮೈಗೆ ನೂರು ಕುದುರೆ!’
ಲಾಯದಲ್ಲಿ ಕುದುರೆ ಇರಲಿಲ್ಲ, ಇಲಿ ಇತ್ತು.
ಬಾಣಂತಿ ಇಲಿ. ವೈರಿನ ಸಿಪ್ಪೆ, ಸೀಟಿನ ಸ್ಪಂಜು,
ಪೆಟ್ರೋಲ್ ಬಿಲ್ಲಿನ ಚೂರು ಹಾಸಿ ಮಾಡಿದ ಮೆತ್ತೆ.
ಒಂದು ವಾರ ಬಿಟ್ಟು ಬರೋಣ ಅಂದೆ.
ಅವನು ನನ್ನ ಮುಖ ನೋಡಿದ; ಆದರೂ ಬಿಟ್ಟ.

ಆಷಾಢ. ಮದುವೆಯಿಲ್ಲ, ಮಿಷನ್ನಿಗೆ ಕೆಲಸವಿಲ್ಲ.
ಜೆಸಿ ರೋಡಿನಲ್ಲಿ ಅಂಗಡಿ ಅಂಗಡಿ ಹತ್ತಿದೆ.
‘ಫಿಯೆಟ್ಟಾ?’ ಅಂದು ನಕ್ಕವರು ಆರು ಜನ,
ನಗದೆ ಟೀ ತರಿಸಿದವನೊಬ್ಬ.
ಪೆಟ್ರೋಲ್ ಪಂಪು: ಹದಿನಾರು ಲೈನಿಂಗ್ ರವಿಕೆ.
ಬ್ರೇಕು: ಒಂಬತ್ತು ಚೂಡಿದಾರ, ಎರಡು ಫಾಲ್ಸು.
ಬಲಗಣ್ಣು ಮಾತ್ರ ಶಿವಾಜಿನಗರದ ಗುಜರಿಯಲ್ಲಿ
ಸತ್ತ ಇನ್ನೊಂದು ಪಾಲಿಯೋದಿಂದ ಬಂತು,
ಎಡಗಣ್ಣಿಗಿಂತ ಚೂರು ಮಬ್ಬು. ಇರಲಿ.

ಟೈಮಿಂಗ್ ಬೆಲ್ಟು ತೋರಿಸಿ ಜಯಸೀಲನ್ ಪಾಠ ಶುರುಮಾಡಿದ:
ಒಂದು ಹಲ್ಲು ಜಾರಿದರೆ ಸಾಕು,
ವಾಲ್ವು ಹೋಗಿ ಪಿಸ್ಟನ್ನಿಗೆ ಗುದ್ದುತ್ತದೆ…
ನನಗೆ ಹೇಳುತ್ತೀಯೇನಪ್ಪ?
ಮೂವತ್ತೊಂದು ವರ್ಷದಿಂದ ಸೂಜಿಗೂ ಬಾಬಿನ್ನಿಗೂ
ಹೊತ್ತು ತಪ್ಪದ ಹಾಗೆ ಭೇಟಿ ಮಾಡಿಸುತ್ತಿರುವವಳು ನಾನು.

ಮೊದಲ ಸಲ ಅದು ಉಸಿರು ಬಿಟ್ಟಾಗ
ಬೀದಿಯ ನಾಯಿಗಳೆಲ್ಲ ಎದ್ದವು.
ಕಪ್ಪು ಹೊಗೆ, ಕೆಮ್ಮು, ನಡುಕ.
‘ಸರಿಹೋಗುತ್ತೆ ಅಕ್ಕಾ, ಓಡ್ತಾ ಓಡ್ತಾ.’
ಕಣ್ಣು ಮುಚ್ಚಿ ಕೇಳಿದೆ.
ಮೂರು ಬೀಳುತ್ತಿದೆ, ಒಂದು ಬಿಟ್ಟುಹೋಗುತ್ತಿದೆ,
ಮೂರು ಬೀಳುತ್ತಿದೆ, ಒಂದು.
‘ಹೊಲಿಗೆ ತಪ್ಪುತ್ತಿದೆ,’ ಅಂದೆ.
ಅವನು ಒಂದೊಂದೇ ವೈರು ಕಿತ್ತು ನೋಡಿದ.
ಮೂರನೆಯದನ್ನು ಕಿತ್ತರೂ ಸದ್ದು ಬದಲಾಗಲಿಲ್ಲ.
ಆಮೇಲೆ ಅವನು ನನ್ನನ್ನು ಅಕ್ಕಾ ಅನ್ನುವ ರೀತಿಯೇ ಬೇರೆಯಾಯಿತು.

ಆರ್‌ಟಿಓದಲ್ಲಿ ಮೂರು ದಿನ.
ಚಾಸಿಸ್ ನಂಬರಿನ ಮೇಲೆ ಕಾಗದವಿಟ್ಟು
ಪೆನ್ಸಿಲ್ ಉಜ್ಜಿದ ಏಜೆಂಟಿಗೆ ಅಚ್ಚೇ ಮೂಡಲಿಲ್ಲ.
ಕೊಡಿ ಇಲ್ಲಿ ಅಂದೆ. ಕಸೂತಿಯ ಅಚ್ಚು ತೆಗೆದ ಕೈ.
ಒಂದೊಂದೇ ಅಂಕಿ ಎದ್ದು ಬಂತು.

ಸೀಟುಗಳಿಗೆ ಬಟ್ಟೆ ಕೊಳ್ಳಲಿಲ್ಲ.
ಅಟ್ಟದ ಮೇಲೆ ಉಳಿದಿತ್ತಲ್ಲ,
ಯಾರೂ ಉಡದ ಯೂನಿಫಾರ್ಮಿನ ನೀಲಿ ಚೌಕಳಿ,
ನಾಲ್ಕು ತಾನು.

ಮೊನ್ನೆ ಬೆಳಗಿನ ಜಾವ ನಾಲ್ಕೂವರೆ.
ಮಾರ್ಕೆಟ್ಟಿನ ಫ್ಲೈಓವರ್ ಖಾಲಿ, ಕೆಳಗಿನಿಂದ
ಸೇವಂತಿಗೆಯ ಹಸಿ ವಾಸನೆ.
ಎರಡನೇ ಗೇರಿನಲ್ಲಿ ಕಾಲೊತ್ತಿದೆ.
ಏನಾಯಿತೆಂದು ಹೇಳಲಾರೆ.
ಬೆನ್ನು ಸೀಟಿಗಂಟಿತು, ವಯಸ್ಸು ಹಿಂದುಳಿಯಿತು.
ನಾಲ್ಕೂ ಹೊಲಿಗೆ ಬೀಳುತ್ತಿತ್ತು,
ಒತ್ತೊತ್ತಾಗಿ, ಗಂಟಿಲ್ಲದೆ.

ಇಳಿದರೆ ಸಿರ್ಸಿ ಸರ್ಕಲ್ಲಿನ ಕೆಂಪು ದೀಪ.
ಪಕ್ಕದ ಬೈಕಿನಲ್ಲಿ ಊಟ ಹಂಚುವ ಹುಡುಗ,
ಹೆಲ್ಮೆಟ್ ಎತ್ತಿ ಕಿಟಕಿಯೊಳಗೆ ಬಗ್ಗಿ ನೋಡಿದ.
ಕಾರು ನೋಡಲಿಲ್ಲ ಅವನು, ಸೀಟು ನೋಡಿದ.
‘ಆಂಟೀ, ಇದು ನಮ್ಮ ಸ್ಕೂಲಿಂದಲ್ವಾ?’
ಎಷ್ಟನೇ ಕ್ಲಾಸಿಗೆ ನಿಂತೆ ಅಂತ ಕೇಳಬೇಕೆಂದಿದ್ದೆ.

ಹಸಿರು ಬಿತ್ತು.
ಹಿಂದೆ ತರಕಾರಿ ಲಾರಿ ಹಾರ್ನ್ ಒತ್ತಿತು.