ಇಲಿಯಲ್ಲ

ವಾರಕ್ಕೆ ಇಪ್ಪತ್ತೆಂಟು ಆಟ.
ಒಂದು ತಪ್ಪಿತು, ಅದರ ಮಾತು ಆಮೇಲೆ.
ಮಿಕ್ಕ ಇಪ್ಪತ್ತೇಳೂ ನೋಡಿದ್ದೇನೆ, ಪರದೆಗೆ ಬೆನ್ನು ಹಾಕಿ.
ಟಾರ್ಚ್ ಹಿಡಿದವನ ಕೆಲಸವೇ ಹಾಗೆ:
ಕಥೆ ಕಿವಿಗೆ, ಕಣ್ಣಿಗೆ ಬರೀ ಮುಖಗಳು.

ಬೇಸಿಗೆ ರಜೆ. ಗೋಪಿ ಸರ್ಕಲ್ಲಿನ ಬಿಸಿಲು
ಚಪ್ಪಲಿಗೆ ಅಂಟಿಕೊಂಡೇ ಒಳಗೆ ಬರುತ್ತಿತ್ತು.
ಕಾರ್ಟೂನ್ ಪಿಕ್ಚರ್. ಕನ್ನಡದಲ್ಲೇ ಮಾತಾಡುವ ಇಲಿಮರಿ,
ಹೆಬ್ಬೆಟ್ಟಿನಷ್ಟು, ಯಾರೂ ಲೆಕ್ಕಕ್ಕಿಡದ್ದು.
ಕೊನೆಗೆ ಅದೇ ಗಂಟೆಯ ನಾಲಗೆಗೆ ಜೋತುಬಿದ್ದು
ಹೊಳೆ ಏರುವ ಮುಂಚೆ ಊರಿಗೆ ಊರನ್ನೇ ಎಬ್ಬಿಸುತ್ತದೆ.
ರಾಜ ಹಾರ ಹಾಕುತ್ತಾನೆ; ಹಾರ ದೊಡ್ಡದಾಗಿ
ಇಲಿ ಅದರೊಳಗೆ ಕಾಣೆ.
ಅಲ್ಲಿ ನಗು. ನಗುವಿನ ನಡುವೆ
ಮೂಗೊರೆಸಿಕೊಳ್ಳುವ ಅಪ್ಪಂದಿರು,
ಪ್ರತಿ ಆಟಕ್ಕೂ, ಅದೇ ಜಾಗದಲ್ಲಿ.

ಬುಧವಾರ ಮ್ಯಾಟಿನಿ.
ಇಂಟರ್ವಲ್ಲಿಗೆ ಮೂರು ನಿಮಿಷ ಇರುವಾಗ ಎಫ್ ಸಾಲಿನಲ್ಲಿ ಕಿರುಚು.
ಟಾರ್ಚ್ ಬಿಟ್ಟೆ.
ತಾಯಿ ಮುಂದೆ. ಅದರ ಬಾಲದ ಬುಡ ಕಚ್ಚಿ ಒಂದು ಮರಿ,
ಅದನ್ನು ಕಚ್ಚಿ ಇನ್ನೊಂದು, ಅದರ ಹಿಂದೆ ಮತ್ತೊಂದು,
ತಾಳಗುಪ್ಪದ ಪ್ಯಾಸೆಂಜರ್ ಗಾಡಿಯ ಹಾಗೆ
ಕುರ್ಚಿಯ ಕಾಲುಗಳ ನಡುವೆ ಐದು ಬೋಗಿ.
ಸುಂಡಿಲಿ.
ಮಗುವನ್ನೆತ್ತಿಕೊಂಡು ಕುರ್ಚಿಯ ಮೇಲೆ ನಿಂತ ಹೆಂಗಸಿನ
ಇನ್ನೊಂದು ಕೈಯಲ್ಲಿ ಚಪ್ಪಲಿ.
ಮಗು ಮಾತ್ರ ಬಗ್ಗಿ ಎಣಿಸುತ್ತಿತ್ತು.

ಇಲಿಗಾದರೆ ಗಣಪನಿದ್ದಾನೆ.
ಚೌತಿಗೆ ಅದಕ್ಕೂ ಒಂದು ಕೈ ಬಣ್ಣ, ಒಂದು ಚೂರು ಕಡುಬು.
ಇದರ ಬೆನ್ನ ಮೇಲೆ ಯಾವ ದೇವರೂ ಕೂತಿಲ್ಲ.
ಕಣ್ಣು ಇದ್ದೂ ಇಲ್ಲದ ಹಾಗೆ, ಮೂತಿ ಚೂಪು, ಮೈಯೆಲ್ಲ ನಾತ.
ಬೆಕ್ಕು ಕೂಡ ಹಿಡಿದು ಬಿಟ್ಟುಬಿಡುತ್ತದೆ, ತಿನ್ನುವುದಿಲ್ಲ.
ಭದ್ರಾವತಿಯ ಕಾರ್ಖಾನೆಯಲ್ಲಿ ಸವೆದ ನಮ್ಮಪ್ಪ
ಅಡುಗೆಮನೆಯಲ್ಲಿ ಅದು ಜಿರಲೆ ಅಗಿಯುವ ಸದ್ದಿಗೆ
"ಬಿಡು, ಅದರದ್ದೂ ನೈಟ್ ಶಿಫ್ಟು" ಅಂದು ಮಗ್ಗುಲಾಗುತ್ತಿದ್ದ.

ಮ್ಯಾನೇಜರ್ ನಾಡಿಗರು ಕೆಟ್ಟವರಲ್ಲ.
ಸಂಜೆಗೇ ಗಾಂಧಿ ಬಜಾರಿನಿಂದ ನಾಲ್ಕು ಅಂಟುಹಲಗೆ ತರಿಸಿದರು.
"ಹುಚ್ರಾಯಪ್ಪ, ಮಕ್ಕಳ ಪಿಕ್ಚರ್ ಮಾರಾಯ. ಇಡು."
ಇಟ್ಟೆ.
ಇಟ್ಟವನು ನಾನೇ. ಇದನ್ನು ಮರೆಸಿ ಹೇಳಬಾರದು.

ಸೆಕೆಂಡ್ ಶೋ ಬಿಟ್ಟ ಮೇಲೆ ಗುಡಿಸುವಾಗ
ಎಚ್ ಸಾಲಿನ ಮೂಲೆಯಿಂದ ಚಿಕ್, ಚಿಕ್,
ತೂತು ಜೇಬಿನಲ್ಲಿ ಕಾಸು ಅಲುಗಿದ ಹಾಗೆ.
ಒಂದೇ ಒಂದು. ಹೊಟ್ಟೆ, ಮೂರು ಕಾಲು, ಅಷ್ಟೂ ಮೀಸೆ ಅಂಟಿ
ಎದೆ ಮಾತ್ರ ಹಲಗೆಯನ್ನೇ ಹೊತ್ತು ಓಡುವಂತೆ ಬಡಿಯುತ್ತಿತ್ತು.
ತಾಯಿಯೋ, ಮರಿಯೋ, ತಿಳಿಯಲಿಲ್ಲ.

ಪಾಪ್‌ಕಾರ್ನ್ ಮೆಷಿನ್ನಿನ ಎಣ್ಣೆ. ಹತ್ತಿ ಇರಲಿಲ್ಲ,
ಹರಿದ ಟಿಕೆಟಿನ ಚೂರುಗಳನ್ನೇ ಅದ್ದಿ ಅದ್ದಿ
ಕೂದಲು ಕೂದಲಾಗಿ ಬಿಡಿಸಿದೆ, ಟಾರ್ಚ್ ಬಾಯಲ್ಲಿಟ್ಟುಕೊಂಡು.
ಕೊನೆಯ ಕಾಲು ಬಿಟ್ಟ ಕ್ಷಣ
ಕಚ್ಚಿತು. ತಿರುಗಿ ನೋಡದೆ ಹೋಯಿತು.
ಹಾರವಿಲ್ಲ, ಗಂಟೆಯಿಲ್ಲ.
ಮಿಕ್ಕ ಮೂರು ಹಲಗೆ ಮಡಚಿ ಮೋರಿಗೆಸೆದೆ.
ಕೈಯ ನಾತ ಎರಡು ಸೋಪಿಗೂ ಬಗ್ಗಲಿಲ್ಲ;
ಹೆಂಡತಿ ಚಾಪೆಯನ್ನು ನಡುಮನೆಗೆ ಎಳೆದುಕೊಂಡಳು.

ಬೆಳಿಗ್ಗೆ ಮಾರ್ನಿಂಗ್ ಶೋ ಬಿಟ್ಟು ಮೆಗ್ಗಾನ್ ಆಸ್ಪತ್ರೆಯ ಕ್ಯೂ.
"ಏನು ಕಚ್ಚಿದ್ದು?" ನರ್ಸಮ್ಮ ತಲೆಯೆತ್ತಲಿಲ್ಲ.
ಸುಂಡಿಲಿ, ಅಂದೆ.
ಇಲಿ, ಅಂತ ಬರೆದಳು.
ಇಲಿಯಲ್ಲ, ಮೇಡಂ.
"ಎಲ್ಲಾ ಒಂದೇ ಕಣಪ್ಪ. ನಾಯಿ, ಕೋತಿ, ಹಾವು, ಇಲಿ,
ಇಷ್ಟೇ ಕಾಲಂ ಇರೋದು."

ಹಿಂದೆ ಹನ್ನೊಂದು ಜನ. ಯಾರೋ ಗೊಣಗಿದರು.
ಇಪ್ಪತ್ತೆರಡು ವರ್ಷ ಸೀಟು ತೋರಿಸಿ
ಕತ್ತಲೆಗೆ ಸರಿದವನು ನಾನು; ಎದುರಾಡಿ ಗೊತ್ತಿಲ್ಲ.
ಆದರೂ ಕಾಲು ಕದಲಲಿಲ್ಲ.
ಬರಕೊಳ್ಳಿ, ಅಂದೆ.
ಸ ಕೊಂಬು ಸು, ಪಕ್ಕಕ್ಕೆ ಸೊನ್ನೆ,
ಡ ಗುಡಿಸು ಡಿ, ಲ ಗುಡಿಸು ಲಿ.

ಅವಳು ಆಗ ತಲೆಯೆತ್ತಿದಳು.
ಇಲಿಯ ಮೇಲೊಂದು ಗೀಟು ಎಳೆದು
ಪಕ್ಕದ ಇಕ್ಕಟ್ಟಿನಲ್ಲಿ ಓರೆಯಾಗಿ ಬರೆದಳು.
"ಎಲ್ಲಿ, ಕೈ ತೋರಿಸಿ" ಅಂದಳು,
ಮತ್ತೆ ಮೂಗು ಮುಚ್ಚಿಕೊಂಡಳು.